ಸ್ಟ್ರೇ ಕ್ಯಾಟ್ಸ್ ಮೊದಲ ಆಲ್ಬಂ: ಕವರ್‌ಗಿಂತ ಸ್ವಂತ ಹಾಡೇ ಜೋರು

ರಾಕಬಿಲಿ (ಐವತ್ತರ ದಶಕದ ಅಮೆರಿಕಾದಲ್ಲಿ ಕಂಟ್ರಿ ಮತ್ತು ಬ್ಲೂಸ್ ಬೆರೆತು ಹುಟ್ಟಿದ ರಾಕ್ ಸಂಗೀತ) ಅಂದ್ರೆ ಎಲ್ವಿಸ್, ಅಲ್ಲಿಗೆ ಮುಗೀತು ಅಂದ್ಕೊಂಡಿರೋರು ಒಂದ್ಸಲ ಈ ಆಲ್ಬಂ ಹಾಕಿ ಕೇಳಿ. 1981ರಲ್ಲಿ ಇಂಗ್ಲೆಂಡಲ್ಲಿ ಬಂದಿದ್ದು, ಆಲ್ಬಂ ಹೆಸರೂ ಬ್ಯಾಂಡ್ ಹೆಸರೂ ಒಂದೇ. ಹುಡುಗ್ರು ಮಾತ್ರ ಇಂಗ್ಲೆಂಡಿನವ್ರಲ್ಲ, ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡಿನವ್ರು, ಲಂಡನ್‌ನಲ್ಲಿ ಐವತ್ತರ ದಶಕದ ಕ್ರಾಪು, ಡ್ರೆಸ್ಸು, ಹಾಡು ಎಲ್ಲಾ ಮತ್ತೆ ಶುರುವಾಗಿದೆ ಅಂತ ಕೇಳಿ 1980ರಲ್ಲಿ ಗಂಟುಮೂಟೆ ಕಟ್ಕೊಂಡು ಅಲ್ಲಿಗೆ ಹೋದ್ರು.

ಇರೋದು ಮೂರೇ ಜನ. ಬ್ರಯಾನ್ ಸೆಟ್ಜರ್ ಹಾಡೋದು, ಜೊತೆಗೆ ಗ್ರೆಚ್ ಕಂಪನಿ ಗಿಟಾರ್. ಲೀ ರಾಕರ್ ಕೈಲಿ ಆಳೆತ್ತರದ ಡಬಲ್ ಬೇಸ್, ತಂತಿ ಎಳೆದು ಬಿಟ್ಟಾಗ ಮರಕ್ಕೆ ಟಕ್ ಅಂತ ಬಡಿಯುತ್ತಲ್ಲ, ಅದೇ ಅರ್ಧ ತಾಳ ನೋಡ್ಕೊಂಡ್ಬಿಡುತ್ತೆ (ಇವರಪ್ಪ ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ಅನ್ನೋ ಶಾಸ್ತ್ರೀಯ ಸಂಗೀತದ ಆರ್ಕೆಸ್ಟ್ರಾದಲ್ಲಿ ಕ್ಲಾರಿನೆಟ್ ನುಡಿಸ್ತಿದ್ದ ಸ್ಟ್ಯಾನ್ಲಿ ಡ್ರಕರ್, ಮಗ ಹಿಡಿದ ದಾರಿ ನೋಡಿ!). ಸ್ಲಿಮ್ ಜಿಮ್ ಫ್ಯಾಂಟಮ್ ಅಂತೂ ಎರಡು ಮೂರು ಡ್ರಮ್ಮು ಇಟ್ಕೊಂಡು ನಿಂತೇ ಬಾರಿಸ್ತಾರೆ. ಪ್ರೊಡ್ಯೂಸರ್ ಆಗಿ ಬ್ಯಾಂಡ್ ಜೊತೆ ಡೇವ್ ಎಡ್ಮಂಡ್ಸ್ ಇದ್ದಾರೆ, ಸೌಂಡ್ ತುಂಬ್ಸೋಕೆ ಹೋಗಿಲ್ಲ, ಮೂರು ವಾದ್ಯದ ಮಧ್ಯೆ ಜಾಗ ಬಿಟ್ಟಿದಾರೆ, ನಂಗೆ ಅದೇ ಇಷ್ಟ ಆಗಿದ್ದು.

ಕವರ್ ಹಾಡುಗಳ, ಅಂದ್ರೆ ಬೇರೆಯವ್ರ ಹಾಡನ್ನ ಇವ್ರು ಮತ್ತೆ ಹಾಡಿರೋದ್ರ ವಿಷ್ಯಕ್ಕೆ ಬರೋಣ. ಎಲ್ಲರಿಗೂ ಗೊತ್ತಿರೋ ಹಿಟ್ ಎತ್ಕೊಂಡಿಲ್ಲ, ಅದಕ್ಕೇ ಮೊದಲು ಮಾರ್ಕ್ಸ್ ಕೊಡ್ಬೇಕು. ಐವತ್ತರ ದಶಕದ ಅಮೆರಿಕನ್ ರಾಕ್ ಗಾಯಕರಾದ ಎಡ್ಡಿ ಕಾಕ್ರನ್‌ದು 'ಜೀನಿ ಜೀನಿ ಜೀನಿ', ಜೀನ್ ವಿನ್ಸೆಂಟ್‌ದು 'ಡಬಲ್ ಟಾಕಿನ್ ಬೇಬಿ'. 1960ರ ಏಪ್ರಿಲಲ್ಲಿ ಇಂಗ್ಲೆಂಡಲ್ಲೇ ಟೂರ್ ಮಧ್ಯೆ ಟ್ಯಾಕ್ಸಿ ಆಕ್ಸಿಡೆಂಟ್ ಆಗಿ ಕಾಕ್ರನ್ ತೀರ್ಕೊಂಡಾಗ ಇನ್ನೂ 21 ವರ್ಷ, ಅದೇ ಕಾರಲ್ಲಿದ್ದ ವಿನ್ಸೆಂಟ್ ಗಾಯ ಆಗಿ ಉಳ್ಕೊಂಡ್ರು. ಇಪ್ಪತ್ತು ವರ್ಷ ಆದ್ಮೇಲೆ ಅದೇ ದೇಶದಲ್ಲಿ ಈ ಹುಡುಗ್ರು ಇಬ್ಬರ ಹಾಡೂ ಒಂದೇ ರೆಕಾರ್ಡಲ್ಲಿ ಹಾಕಿದಾರೆ ಅಂತ ಗೊತ್ತಿದ್ರೆ ಕೇಳೋವಾಗ ಸ್ವಲ್ಪ ಬೇರೆ ಥರ ಅನ್ಸುತ್ತೆ. 'ಜೀನಿ' ಸಖತ್ ಸ್ಪೀಡು, ಉಸಿರಾಡೋಕೂ ಬಿಡಲ್ಲ. ಆದ್ರೆ ವಾರೆನ್ ಸ್ಮಿತ್ 1956ರಲ್ಲಿ ಹಾಡಿದ್ದ 'ಉಬಾಂಗಿ ಸ್ಟಾಂಪ್' ನಂಗೆ ಹಿಡಿಸ್ಲಿಲ್ಲ, ಆಫ್ರಿಕಾದವ್ರನ್ನ ಗೇಲಿ ಮಾಡೋ ಥರದ ಸಾಹಿತ್ಯ, ನುಡಿಸಿರೋದು ಎಷ್ಟೇ ಚೆನ್ನಾಗಿದ್ರೂ ಈ ಹಾಡು ಬೇಕಿತ್ತಾ ಅನ್ಸುತ್ತೆ. ನಾನು ಸ್ಕಿಪ್ ಮಾಡ್ತೀನಿ.

ಕವರ್‌ಗಳಲ್ಲಿ ಹಳಬರ ಮೇಲಿನ ಭಕ್ತಿ ಜಾಸ್ತಿ. ಸ್ವಂತ ಹಾಡಿಗೆ ಬಂದ್ರೆ ಗತ್ತೇ ಬೇರೆ. 'ರನ್‌ಅವೇ ಬಾಯ್ಸ್' ಮನೆ ಬಿಟ್ಟು ಓಡಿಹೋದ ಹುಡುಗ್ರ ಹಾಡು, ಇಂಗ್ಲೆಂಡ್ ಚಾರ್ಟಲ್ಲಿ 9ನೇ ಜಾಗಕ್ಕೆ ಹೋಗಿತ್ತು. 'ರಾಕ್ ದಿಸ್ ಟೌನ್'ನಲ್ಲಿ ಜೂಕ್‌ಬಾಕ್ಸಿಗೆ ಕಾಸು ಹಾಕಿದ್ರೆ ಬರೋದು ಬರೀ ಡಿಸ್ಕೋ ಅಂತ ಹುಡುಗ ಉರ್ಕೋತಾನಲ್ಲ, 1980ರ ಹೊಟ್ಟೆಉರಿನ 1956ರ ಸೌಂಡಲ್ಲಿ ಹೇಳಿದ್ರೆ ಹೆಂಗಿರುತ್ತೆ ಅಂತ ಇದನ್ನ ಕೇಳಿದ್ರೆ ಗೊತ್ತಾಗುತ್ತೆ. ಆದ್ರೆ ನನ್ನ ಓಟು 'ಸ್ಟ್ರೇ ಕ್ಯಾಟ್ ಸ್ಟ್ರಟ್'ಗೆ. ನಾಲ್ಕೇ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು), ಮೆಟ್ಟಿಲು ಇಳಿದಂಗೆ ಕೆಳಗೆ ಇಳೀತಾ ಹೋಗುತ್ತೆ, ಅದರ ಮೇಲೆ ಕಸದ ಡಬ್ಬಿಲಿ ಊಟ ಹುಡ್ಕೋ ಬೀದಿ ಬೆಕ್ಕು, ಜನ ಶೂ ಎಸೆದ್ರೂ ಕೇರ್ ಮಾಡದೆ ರಾಜನ ಥರ ನಡ್ಕೊಂಡು ಹೋಗುತ್ತೆ. ಉಳಿದವೆಲ್ಲ ಓಡ್ತಿರೋವಾಗ ಇದೊಂದು ಮಾತ್ರ ಆರಾಮಾಗಿ ನಡೆಯುತ್ತೆ.

'ಸ್ಟಾರ್ಮ್ ದಿ ಎಂಬೆಸಿ' ಇರಾನ್ ಒತ್ತೆಯಾಳುಗಳ ಗಲಾಟೆ (ಅಲ್ಲಿನ ಅಮೆರಿಕನ್ ಎಂಬೆಸಿಗೆ ನುಗ್ಗಿ ಸಿಬ್ಬಂದಿನ ಹಿಡಿದಿಟ್ಕೊಂಡಿದ್ದು) ಬಗ್ಗೆ, ರಾಕಬಿಲಿಗಿಂತ ಪಂಕ್ (ಒರಟು, ಸಿಟ್ಟಿನ ರಾಕ್) ಥರ ಇದೆ, ದಾರಿ ತಪ್ಪಿ ಬಂದ ನೆಂಟನ ಹಾಗೆ.

ಒಂದು ಎಚ್ಚರಿಕೆ, ಅಮೆರಿಕಾದಲ್ಲಿ ಆಗ ಈ ಆಲ್ಬಂ ಬಿಡುಗಡೆ ಆಗ್ಲಿಲ್ಲ, ಮೊದಲೆರಡು ಆಲ್ಬಮ್ಮಿಂದ ಆರಿಸಿ 1982ರಲ್ಲಿ 'ಬಿಲ್ಟ್ ಫಾರ್ ಸ್ಪೀಡ್' ಅಂತ ಬಿಟ್ರು, ಅದು ಅಲ್ಲಿ 2ನೇ ಸ್ಥಾನದವರೆಗೂ ಹೋಯ್ತು. ಹಿಟ್ ಹಾಡು ಸಾಕು ಅನ್ನೋರಿಗೆ ಅದೇ ಓಕೆ. ನಂಗೆ ಮಾತ್ರ ಇಂಗ್ಲೆಂಡಿಂದೇ ಬೇಕು, ಸ್ಕಿಪ್ ಮಾಡೋ ಹಾಡು ಸೇರಿ.