ಬೀದಿಯ ಅಗಲ ಹಿಗ್ಗುವುದಿಲ್ಲ ಎಂದು ಎಲ್ಲರಿಗೂ ತೋರಿಸುವ ಸ್ಟ್ರೀಟ್‌ಮಿಕ್ಸ್

ರಸ್ತೆ ಸುಧಾರಣೆಯ ಸಾರ್ವಜನಿಕ ಸಭೆಗಳಲ್ಲಿ ಒಂದು ತೊಡಕು ಪದೇ ಪದೇ ಎದುರಾಗುತ್ತದೆ. ಇಂಜಿನಿಯರ್ ನಕಾಶೆ ಬಿಡಿಸಿಡುತ್ತಾರೆ. ಎದುರು ಕೂತವರಿಗೆ ಅದರಲ್ಲಿ ಗೆರೆಗಳು ಕಾಣುತ್ತವೆಯೇ ಹೊರತು ತಮ್ಮ ಬೀದಿ ಕಾಣುವುದಿಲ್ಲ. ಒಬ್ಬರು ಫುಟ್‌ಪಾತ್ ಬೇಕೆನ್ನುತ್ತಾರೆ, ಇನ್ನೊಬ್ಬರು ಪಾರ್ಕಿಂಗ್ ಹೋಗಬಾರದು ಎನ್ನುತ್ತಾರೆ, ಮತ್ತೊಬ್ಬರು ಮರ ಮುಟ್ಟಬೇಡಿ ಎನ್ನುತ್ತಾರೆ. ಮೂರೂ ಮಾತು ನಡಾವಳಿಯಲ್ಲಿ ದಾಖಲಾಗುತ್ತವೆ. ಆ ಮೂರೂ ಒಂದೇ ಬೀದಿಯಲ್ಲಿ ಹಿಡಿಸುತ್ತವೆಯೇ ಎಂದು ಮಾತ್ರ ಯಾರೂ ಅಳೆದು ನೋಡಿರುವುದಿಲ್ಲ. ಸ್ಟ್ರೀಟ್‌ಮಿಕ್ಸ್ ಮಾಡುವ ಕೆಲಸ ಅದೇ.

ಇದು 2013ರ ಜನವರಿಯಲ್ಲಿ ಸರ್ಕಾರಿ ಸೇವೆಗಳನ್ನು ತಂತ್ರಜ್ಞಾನದಿಂದ ಸುಧಾರಿಸುವ ಅಮೆರಿಕದ ಕೋಡ್ ಫಾರ್ ಅಮೆರಿಕ ಸಂಸ್ಥೆಯ ಹ್ಯಾಕಥಾನ್ (ಒಟ್ಟಿಗೆ ಕೂತು ಬೇಗ ತಂತ್ರಾಂಶ ಕಟ್ಟುವ ಕೂಟ) ಒಂದರಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ. ಫುಟ್‌ಪಾತ್, ಸೈಕಲ್ ಪಥ, ಮರ, ಬಸ್ ಲೇನ್ ಇವುಗಳ ಚಿತ್ರವನ್ನು ಕಾಗದದಲ್ಲಿ ಕತ್ತರಿಸಿ ಜನರ ಕೈಗೆ ಕೊಟ್ಟು, ಬೀದಿಯನ್ನು ನೀವೇ ಜೋಡಿಸಿ ಎನ್ನುವ ಹಳೆಯ ಸಭಾ ಪದ್ಧತಿಯೇ ಇದಕ್ಕೆ ಮೂಲ. ಬ್ರೌಸರ್‌ನಲ್ಲಿ ತೆರೆದರೆ ಸಾಕು, ಹಣ ಕೊಡದೆ ಕೆಲಸ ಶುರು ಮಾಡಬಹುದು. ಪರದೆಯಲ್ಲಿ ಬೀದಿಯ ಅಡ್ಡಕೊಯ್ತ ಕಾಣುತ್ತದೆ: ಎರಡು ಬದಿಗೆ ಕಟ್ಟಡ, ನಡುವೆ ಪಟ್ಟಿಗಳು. ಕೆಳಗಿನ ಸಾಲಿನಿಂದ ಬೇಕಾದ ಪಟ್ಟಿಯನ್ನು ಎಳೆದು ತಂದು ಇಡಬೇಕು. ಅಗಲವನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಗಳಿವೆ, ಅಂಕಿಯನ್ನು ನೇರವಾಗಿ ಟೈಪ್ ಮಾಡಲೂ ಬಹುದು. ಮೊದಲು ಮಾಡಬೇಕಾದ ಕೆಲಸ ಅಡಿಯಿಂದ ಮೀಟರ್‌ಗೆ ಬದಲಿಸಿಕೊಳ್ಳುವುದು, ಎರಡನೆಯದು ಬೀದಿಯ ಒಟ್ಟು ಅಗಲ ಕೊಡುವುದು. ಅಲ್ಲಿಂದಾಚೆಗೆ ಎಷ್ಟು ಜಾಗ ಉಳಿದಿದೆ, ಎಷ್ಟು ಮೀರಿದೆ ಎಂಬ ಲೆಕ್ಕ ಸದಾ ಕಣ್ಣೆದುರಿಗೆ ಇರುತ್ತದೆ.

ಈ ಸಲಕರಣೆಯ ನಿಜವಾದ ಬೆಲೆ ಇರುವುದು ಆ ಒಂದು ಅಂಕಿಯಲ್ಲಿ. ಪಾರ್ಕಿಂಗ್ ಉಳಿಯಬೇಕು ಎಂದವರೇ ಅದನ್ನು ಎಳೆದು ತಂದು ಇಟ್ಟಾಗ ಬೀದಿ 2.2 ಮೀಟರ್ ಮೀರುತ್ತದೆ, ಹೊಂದದ ಪಟ್ಟಿಯ ಮೇಲೆ ಎಚ್ಚರಿಕೆ ಬೀಳುತ್ತದೆ. ಏನನ್ನು ತೆಗೆಯಬೇಕು ಎಂಬ ಮಾತು ಅಲ್ಲಿಂದ ಶುರುವಾಗುತ್ತದೆ. ಅಧಿಕಾರಿ ಹೇಳಿದಾಗ ಹಟಕ್ಕೆ ಬೀಳುವ ವಿಷಯ, ತಮ್ಮ ಕೈಯಾರೆ ಜೋಡಿಸಿದಾಗ ಲೆಕ್ಕವಾಗಿ ಕಾಣುತ್ತದೆ.

ಕಟ್ಟಡದಿಂದ ಕಟ್ಟಡಕ್ಕೆ 18 ಮೀಟರ್ ಇರುವ ಬೀದಿಯನ್ನು ತೆಗೆದುಕೊಳ್ಳಿ. ಬೆಳೆಯುತ್ತಿರುವ ನಗರಗಳಲ್ಲಿ ಸಾಮಾನ್ಯವಾಗಿ ಕಾಣುವ ಹಂಚಿಕೆ ಹೀಗಿರುತ್ತದೆ: ಎರಡು ಬದಿಗೆ 1.5 ಮೀಟರ್ ಫುಟ್‌ಪಾತ್, ಅದಕ್ಕೆ ತಾಗಿ 2.2 ಮೀಟರ್ ಪಾರ್ಕಿಂಗ್, ನಡುವೆ 10.6 ಮೀಟರ್ ವಾಹನಗಳ ಹಾದಿ. ಅಂದರೆ ರಸ್ತೆ ದಾಟುವವರು ಒಂದು ಅಂಚುಕಲ್ಲಿನಿಂದ ಇನ್ನೊಂದಕ್ಕೆ 15 ಮೀಟರ್ ನಡೆಯಬೇಕು. ಸೆಕೆಂಡಿಗೆ 0.8 ಮೀಟರ್ ನಡೆಯುವ ವಯಸ್ಸಾದವರಿಗೆ ಅದು ಸುಮಾರು 19 ಸೆಕೆಂಡ್. ಈಗ ಪಾರ್ಕಿಂಗ್ ತೆಗೆದು ಹೀಗೆ ಜೋಡಿಸಿ: ಫುಟ್‌ಪಾತ್ 2.5, ಮರ ಮತ್ತು ಕಂಬಗಳ ಪಟ್ಟಿ 1.5, ವಾಹನ ಲೇನ್ 3.3, ಇನ್ನೊಂದು 3.3, ಲೇನಿಗೂ ಸೈಕಲ್ ಪಥಕ್ಕೂ ನಡುವೆ ಅಂತರ 0.6, ಎರಡೂ ದಿಕ್ಕಿನ ಸೈಕಲ್ ಪಥ 2.8, ಮರದ ಪಟ್ಟಿ 1.5, ಫುಟ್‌ಪಾತ್ 2.5. ಒಟ್ಟು ಸರಿಯಾಗಿ 18. ಮೋಟಾರು ವಾಹನಗಳ ನಡುವೆ ದಾಟಬೇಕಾದ ದೂರ 6.6 ಮೀಟರ್‌ಗೆ ಇಳಿಯಿತು. ಅದೇ ಹಿರಿಯರಿಗೆ ಈಗ ಎಂಟು ಸೆಕೆಂಡ್ ಚಿಲ್ಲರೆ. ಸೈಕಲ್ ಪಥವನ್ನು ಬೇರೆಯಾಗಿ, ನಿಂತು ನೋಡಿ ದಾಟಬಹುದು.

ಇಷ್ಟಕ್ಕೆ ಎಲ್ಲರೂ ಒಪ್ಪಿ ಚಿತ್ರವನ್ನು ಇಳಿಸಿಕೊಂಡು ಎದ್ದುಬಿಟ್ಟರೆ ಕೆಲಸ ಕೆಡುತ್ತದೆ. ಸ್ಟ್ರೀಟ್‌ಮಿಕ್ಸ್ ತೋರಿಸುವುದು ಬೀದಿಯ ಒಂದೇ ಒಂದು ಸೀಳು. ಬಸ್ ನಿಲ್ದಾಣ, ಅಡ್ಡರಸ್ತೆ, ತಿರುವು ಯಾವುದೂ ಆ ಸೀಳಿನಲ್ಲಿ ಇಲ್ಲ. ಮೇಲಿನ ಹಂಚಿಕೆಯಲ್ಲೇ ಸೈಕಲ್ ಪಥದ ಬದಿಗೆ ಬಸ್ ನಿಂತರೆ, ಇಳಿದವರು ನೇರ ಸೈಕಲ್‌ಗಳ ಎದುರಿಗೆ ಕಾಲಿಡುತ್ತಾರೆ. ಅದಕ್ಕೆ ನಿಲ್ದಾಣದ ಜಾಗಕ್ಕೇ ಎರಡನೆಯ ಸೀಳು ಬರೆಯಬೇಕು: ಅಲ್ಲಿ ಮರದ ಪಟ್ಟಿಯನ್ನು ಕೈಬಿಟ್ಟು, ಸೈಕಲ್ ಪಥವನ್ನು 1.5 ಮೀಟರ್ ಫುಟ್‌ಪಾತಿನ ಕಡೆಗೆ ಸರಿಸಿದರೆ, ಆ 1.5 ಮತ್ತು ಅಂತರದ 0.6 ಸೇರಿ ಲೇನಿಗೆ ತಾಗಿದಂತೆ 2.1 ಮೀಟರ್ ಅಗಲದ ಕಟ್ಟೆ ಸಿಗುತ್ತದೆ. ಬಸ್ಸಿಗೆ ಕಾಯುವವರು ಅಲ್ಲಿ ನಿಲ್ಲಬಹುದು. ಒಂದು ಬೀದಿಗೆ ಕನಿಷ್ಠ ಮೂರು ಸೀಳು ಬೇಕು: ಸಾಮಾನ್ಯ ಭಾಗ, ಬಸ್ ನಿಲ್ದಾಣ, ಅತಿ ಕಿರಿದಾದ ಜಾಗ.

ಅತಿ ಕಿರಿದಾದ ಜಾಗ ಯಾವುದೆಂದು ದಾಖಲೆಯಿಂದ ತಿಳಿಯುವುದಿಲ್ಲ. ಕಡತದಲ್ಲಿ 18 ಮೀಟರ್ ಎಂದಿರುವ ಬೀದಿ, ಮುಂದೆ ಚಾಚಿದ ಮೆಟ್ಟಿಲು, ಜನರೇಟರ್, ಟ್ರಾನ್ಸ್‌ಫಾರ್ಮರ್ ಕಟ್ಟೆಗಳಿಂದ 16ಕ್ಕೆ ಇಳಿದಿರಬಹುದು. ಟೇಪು ಹಿಡಿದು ಪ್ರತಿ 50 ಮೀಟರಿಗೊಮ್ಮೆ, ಅಗಲ ಬದಲಾಗುವ ಕಡೆ ತಪ್ಪದೆ, ಗೋಡೆಯಿಂದ ಗೋಡೆಗೆ ಅಳೆಯಿರಿ. ಈ ಅಳತೆಗೆ ಅಂಗಡಿಯವರನ್ನೂ ಶಾಲಾ ಮಕ್ಕಳನ್ನೂ ಕರೆದುಕೊಂಡು ಹೋದರೆ ಸಭೆಯಲ್ಲಿ ಆ ಅಂಕಿಯನ್ನು ಯಾರೂ ಅನುಮಾನಿಸುವುದಿಲ್ಲ.

ಫುಟ್‌ಪಾತ್ ವಿಷಯದಲ್ಲಿ ಚಿತ್ರ ಸ್ವಲ್ಪ ಹೆಚ್ಚೇ ಭರವಸೆ ಕೊಡುತ್ತದೆ. 2.5 ಮೀಟರ್ ಎಂದು ಬರೆದರೂ ಗೋಡೆಗೆ ತಾಗಿದ ಅರ್ಧ ಮೀಟರಿನಲ್ಲಿ ಜನ ನಡೆಯುವುದಿಲ್ಲ, ಉಳಿಯುವುದು 2. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಹಾಯಲು 1.8 ಬೇಕು, ಅಲ್ಲಿಯವರೆಗೆ ಸರಿ. ಆದರೆ ಮರಗಳ ನಡುವಿನ ಜಾಗದಲ್ಲಿ ತಳ್ಳುಗಾಡಿ ನಿಂತರೆ ಕೊಳ್ಳಲು ಬಂದವರು 0.6 ಮೀಟರ್ ಒಳಗೆ ನಿಲ್ಲುತ್ತಾರೆ, ಉಳಿಯುವುದು 1.4. ಗಾಡಿಯವರನ್ನು ಎಬ್ಬಿಸುವುದು ಇದಕ್ಕೆ ಪರಿಹಾರವಲ್ಲ, ಬೀದಿಗೆ ಕಾವಲು ಕಣ್ಣು ಅವರೇ. ಮಾರುಕಟ್ಟೆಯ ತುಂಡಿನಲ್ಲಿ ವಾಹನಗಳ ವೇಗವನ್ನು ಗಂಟೆಗೆ 30 ಕಿ.ಮೀ. ಅಥವಾ ಅದಕ್ಕಿಂತ ಕಡಿಮೆಗೆ ಇಳಿಸಿ, ಸೈಕಲ್‌ಗಳನ್ನು ಲೇನಿನಲ್ಲೇ ಬಿಟ್ಟು, ಪಥ ಮತ್ತು ಅಂತರದ 3.4 ಮೀಟರನ್ನು ಎರಡು ಬದಿಗೆ ಹಂಚಿದರೆ ಫುಟ್‌ಪಾತ್ ತಲಾ 4.2 ಮೀಟರ್ ಆಗುತ್ತದೆ. ಇದಕ್ಕೆ ವೇಗ ತಗ್ಗಿಸುವ ಉಬ್ಬು ದಾಟುದಾರಿಗಳು ಬೇಕೇ ಬೇಕು, ಫಲಕ ಒಂದರಿಂದ ವೇಗ ಇಳಿಯುವುದಿಲ್ಲ.

ಎಷ್ಟು ಜನ ಸಾಗಬಹುದು ಎಂಬ ಅಂದಾಜನ್ನೂ ಸ್ಟ್ರೀಟ್‌ಮಿಕ್ಸ್ ಕೊಡುತ್ತದೆ. ಹೋಲಿಕೆಗೆ ಇದು ಉಪಯುಕ್ತ. ಉತ್ತರ ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘವಾದ ನ್ಯಾಕ್ಟೋದ ಲೆಕ್ಕದಲ್ಲೂ 3 ಮೀಟರ್ ಅಗಲದ ಜಾಗ ಕಾರುಗಳಿಗೆ ಹೋದರೆ ಗಂಟೆಗೆ 600ರಿಂದ 1,600 ಜನ, ಪ್ರತ್ಯೇಕ ಬಸ್ ಲೇನಾದರೆ 4,000ದಿಂದ 8,000 ಜನ ಸಾಗಬಹುದು. ಆದರೆ ಇವು ಸಾಮರ್ಥ್ಯದ ಅಂಕಿಗಳು, ನಿಮ್ಮ ಬೀದಿಯ ಎಣಿಕೆಯಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎರಡೆರಡು ಗಂಟೆ, ಕೆಲಸದ ದಿನ ಮತ್ತು ರಜಾದಿನ ಎರಡರಲ್ಲೂ ಕೂತು ಎಣಿಸಿ. ವಾಹನಗಳನ್ನಷ್ಟೇ ಎಣಿಸಬೇಡಿ, ನಡೆಯುವವರು, ನಿಂತವರು, ಮಗುವನ್ನು ಎತ್ತಿಕೊಂಡವರು, ಕೋಲು ಹಿಡಿದವರು ಎಂದು ಬೇರೆ ಬೇರೆ ಕಾಲಂ ಇರಲಿ. ಪಟ್ಟಿ ತೀರಾ ಕಿರಿದಾದರೆ ಬರುವ ಎಚ್ಚರಿಕೆಯೂ ಅಷ್ಟೇ, ಅದು ಸಾಮಾನ್ಯ ಸೂಚನೆ. ನಿಮ್ಮಲ್ಲಿ ಜಾರಿಯಲ್ಲಿರುವ ರಸ್ತೆ ನಿಯಮದ ಜೊತೆ ಹೋಲಿಸಿ ನೋಡಲೇಬೇಕು.

ನೆಲದ ಕೆಳಗಿನದು ಇಲ್ಲಿ ಏನೂ ಇಲ್ಲ. ಪರದೆಯಲ್ಲಿ ಮರವನ್ನು ಎಲ್ಲಿ ಬೇಕಾದರೂ ನೆಡಬಹುದು. ನೆಲದಲ್ಲಿ ಅದೇ ಜಾಗದಲ್ಲಿ ಒಳಚರಂಡಿ ಕೊಳವೆ ಇರುತ್ತದೆ. ನೀರು, ಚರಂಡಿ, ವಿದ್ಯುತ್, ಕೇಬಲ್‌ಗಳ ನಕ್ಷೆಯನ್ನು ಅದೇ ಅಳತೆಯಲ್ಲಿ ಮುದ್ರಿಸಿ ಚಿತ್ರದ ಕೆಳಗೆ ಅಂಟಿಸಿಕೊಂಡೇ ಮರದ ಪಟ್ಟಿಯ ಜಾಗ ನಿಶ್ಚಯಿಸಬೇಕು.

ಲಿಂಕ್ ಹಂಚುವ ವ್ಯವಸ್ಥೆ ಬಹಳ ಚೆನ್ನಾಗಿದೆ. ಬೇರೆಯವರು ನಿಮ್ಮ ಬೀದಿಯನ್ನು ತೆರೆದು ಬದಲಿಸಿದರೆ ಅದು ಅವರದೇ ಪ್ರತಿಯಾಗುತ್ತದೆ, ಮೂಲ ಹಾಗೆಯೇ ಉಳಿಯುತ್ತದೆ. ಹಾಗಾಗಿ ಐದು ಗುಂಪು ಐದು ಬೀದಿ ಮಾಡಿಕೊಂಡು ಬಂದು ಪಕ್ಕಪಕ್ಕದಲ್ಲಿಟ್ಟು ಮಾತಾಡಬಹುದು. ಚೌಕ, ಉದ್ಯಾನದಂಥ ಜಾಗಗಳಿಗೆ ಮಾತ್ರ ಇದು ಒಗ್ಗುವುದಿಲ್ಲ. ಅಲ್ಲಿಗೆ ವಿಶ್ವಸಂಸ್ಥೆಯ ನಗರ-ವಸತಿ ವಿಭಾಗವಾದ ಯುಎನ್-ಹ್ಯಾಬಿಟಾಟ್ 2012ರಲ್ಲಿ, ಪರದೆಯಲ್ಲಿ ಚೌಕಗಳನ್ನು ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಟವನ್ನು ಬಳಸಿ ಶುರುಮಾಡಿದ ಬ್ಲಾಕ್ ಬೈ ಬ್ಲಾಕ್ ಕ್ರಮ ಹೆಚ್ಚು ಸರಿ.

ಮೌಸ್ ಹಿಡಿದು ಅಭ್ಯಾಸವಿಲ್ಲದವರು ಸಭೆಯಲ್ಲಿ ಹಿಂದೆ ಸರಿದು ನಿಲ್ಲುತ್ತಾರೆ. ಬೀದಿಯನ್ನು ಹೆಚ್ಚು ಬಳಸುವವರು ಅನೇಕ ಸಲ ಅವರೇ. ಅವರಿಗಾಗಿ 1:50 ಅಳತೆಯಲ್ಲಿ ರಟ್ಟು ಕತ್ತರಿಸಿಡಿ: 18 ಮೀಟರ್ ಬೀದಿಗೆ 36 ಸೆಂ.ಮೀ. ತಟ್ಟೆ, ಫುಟ್‌ಪಾತಿಗೆ 5, ಲೇನಿಗೆ 6.6, ಮರದ ಪಟ್ಟಿಗೆ 3 ಸೆಂ.ಮೀ. ತಟ್ಟೆಯ ಎರಡು ತುದಿಗೆ ಅಂಚು ಕಟ್ಟಿ, ಹೆಚ್ಚಿನ ತುಂಡು ಹೊರಗೆ ಚಾಚದಂತೆ. ಅವರು ಜೋಡಿಸಿ ಮುಗಿಸಿದ ಮೇಲೆ ಅದೇ ಅಂಕಿಗಳನ್ನು, ಅವರ ಎದುರಿಗೇ, ಸ್ಟ್ರೀಟ್‌ಮಿಕ್ಸ್‌ಗೆ ಏರಿಸಿ.