ಬಿಸಿ ತಂಬಾಕಿನ ಹಾಳೆಗೆ ತೇವ: ಲೇಪನವೋ, ಪೊಟ್ಟಣವೋ?

ಸುಡದೆ ಬಿಸಿ ಮಾಡುವ ತಂಬಾಕಿನ ಹಾಳೆಯಲ್ಲಿ ಗ್ಲಿಸರಿನ್ ಇರುತ್ತದೆ. ಆವಿ ಹುಟ್ಟಿಸುವುದೂ ಅದೇ, ಗಾಳಿಯ ನೀರನ್ನು ಎಳೆದುಕೊಳ್ಳುವುದೂ ಅದೇ. ನೀರು ಹೆಚ್ಚಾದರೆ ಹಾಳೆ ಅಂಟಂಟಾಗುತ್ತದೆ, ಅದನ್ನು ಕಡ್ಡಿಯಾಗಿ ಸುತ್ತಿದ ಕಾಗದ ಉಬ್ಬುತ್ತದೆ, ಆವಿ ಬಾಯಿಗೆ ವಿಪರೀತ ಬಿಸಿ ಎನಿಸುತ್ತದೆ.

ಗ್ಲಿಸರಿನ್ ತಗ್ಗಿಸಿದರೆ ಆವಿಯೂ ತೆಳುವಾಗುತ್ತದೆ. ಬದಲಿಗೆ ಆವಿ ಹುಟ್ಟಿಸುವ ಇನ್ನೊಂದು ದ್ರವವಾದ ಪ್ರೊಪಿಲೀನ್ ಗ್ಲೈಕಾಲ್ ಹಾಕುವುದನ್ನು ನಾನು ಒಪ್ಪುವುದಿಲ್ಲ: ಅದೂ ನೀರು ಹೀರುತ್ತದೆ, ಮೇಲಾಗಿ ಅದರ ಕುದಿಬಿಂದು 188 ಡಿಗ್ರಿ ಸೆಲ್ಸಿಯಸ್, ಗ್ಲಿಸರಿನ್‌ನದು 290. ದಾಸ್ತಾನಿನಲ್ಲೇ ಹೆಚ್ಚು ಆರಿಹೋಗುತ್ತದೆ.

ನಿಜವಾದ ಆಯ್ಕೆ ಲೇಪನ ಮತ್ತು ಪೊಟ್ಟಣದ ನಡುವೆ. ಕಾಗದಕ್ಕೆ ನೀರು ಒಲ್ಲದ ಲೇಪನ ಹಚ್ಚಿದರೆ ಕಲೆ, ಉಬ್ಬು ಕಡಿಮೆಯಾಗುತ್ತವೆ. ಆದರೆ ನೀರಾವಿ ಒಳಸೇರುವ ವೇಗ ತಗ್ಗುತ್ತದೆಯೇ ಹೊರತು ಅದು ನಿಲ್ಲುವುದಿಲ್ಲ. ಕಡ್ಡಿಯ ಕತ್ತರಿಸಿದ ತುದಿಗಳಂತೂ ತೆರೆದೇ ಇರುತ್ತವೆ. ಇನ್ನೂ ದೊಡ್ಡ ಪ್ರಶ್ನೆ ಶಾಖದ್ದು. ಕೆಲವು ಸಾಧನಗಳ ಕಾವು 350 ಡಿಗ್ರಿಯ ಹತ್ತಿರ ಹೋಗುತ್ತದೆ. ಅಲ್ಲಿ ಒಡೆಯುವ ಲೇಪನ ಸೇದುವವರ ಶ್ವಾಸಕೋಶಕ್ಕೆ ಏನನ್ನು ಕಳಿಸುತ್ತದೆ ಎಂಬುದನ್ನು ಪರೀಕ್ಷಿಸದೆ ಬಳಸಲೇಬಾರದು.

ಪೊಟ್ಟಣಕ್ಕೆ ಈ ಭಯವಿಲ್ಲ. ಅಲ್ಯೂಮಿನಿಯಂ ಫಾಯಿಲ್ ನೀರಾವಿಯನ್ನು ಬಹುತೇಕ ಪೂರ್ತಿ ತಡೆಯುತ್ತದೆ, ಆದರೆ ಮಡಿಕೆಯಲ್ಲಿ ಸೂಜಿರಂಧ್ರ ಬೀಳಬಹುದು. ಲೋಹಲೇಪಿತ ಪ್ಲಾಸ್ಟಿಕ್ ಫಿಲ್ಮ್ ಮಡಿಕೆಯನ್ನು ಚೆನ್ನಾಗಿ ತಾಳುತ್ತದೆ, ತಡೆ ಮಾತ್ರ ಕಡಿಮೆ. ದೀರ್ಘ ದಾಸ್ತಾನಿಗೆ ಫಾಯಿಲ್ಲೇ ಸರಿ. ತೇವ ಹೀರುವ ಸಿಲಿಕಾ ಜೆಲ್ ಹರಳು ಒಳಗೆ ಬೇಡ. ತಂಬಾಕು ಒಣಗಿ ಪುಡಿಯಾಗುತ್ತದೆ.

ಪೊಟ್ಟಣ ತೆರೆದ ಮೇಲೂ ಕಡ್ಡಿಗಳು ದಿನಗಟ್ಟಲೆ ಉಳಿಯುವುದಾದರೆ ಮಾತ್ರ ಲೇಪನದ ಕಡೆ ನೋಡಿ. ಮೊದಲು ಮಾದರಿಯನ್ನು ತೂಗಿ, ಅಡುಗೆ ಉಪ್ಪಿನ ಪರ್ಯಾಪ್ತ ದ್ರಾವಣ (ಇನ್ನು ಉಪ್ಪು ಕರಗದಷ್ಟು ಕರಗಿಸಿದ ನೀರು) ಇರುವ ಮುಚ್ಚಿದ ಡಬ್ಬಿಯಲ್ಲಿ ದ್ರಾವಣಕ್ಕೆ ತಾಗದಂತೆ ಇಡಿ. ಅಲ್ಲಿ ಆರ್ದ್ರತೆ ಸುಮಾರು ಶೇ. 75ಕ್ಕೆ ನಿಲ್ಲುತ್ತದೆ. ಲೇಪನವಿದ್ದದ್ದನ್ನೂ ಇಲ್ಲದ್ದನ್ನೂ ಮತ್ತೆ ತೂಗಿದರೆ ವ್ಯತ್ಯಾಸ ಗೊತ್ತಾಗುತ್ತದೆ.