ಅಲಿಪೇ: ಗ್ವಾಂಗ್‌ಝೌ ಮಾರುಕಟ್ಟೆಯಲ್ಲಿ ಬಳಸಿ ನೋಡಿದ ಮೇಲೆ

ಗ್ವಾಂಗ್‌ಝೌಗೆ ಮಾಲು ಕೊಳ್ಳಲು ಹೋಗುವವರು ಫೋನಿನಲ್ಲಿ ಚೀನಾದ ಪಾವತಿ ಆ್ಯಪ್ ಅಲಿಪೇ ಹಾಕಿಕೊಂಡೇ ವಿಮಾನ ಹತ್ತಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆದರೆ ಆ್ಯಪ್ ಒಂದರ ಬಗ್ಗೆ ಮಾತ್ರ ಬರೆದರೆ ಈ ವಿಮರ್ಶೆ ಅರ್ಧ ಆಗುತ್ತದೆ. ಇವತ್ತು ಇದು ನಮ್ಮಂಥವರ ಕೈಗೆ ಇಷ್ಟು ಸಲೀಸಾಗಿ ಸಿಗುತ್ತಿರುವುದರ ಹಿಂದೆ ಚೀನಾ ಸರ್ಕಾರದ ನಿಯಮಗಳೂ ಇವೆ, ಅಲ್ಲಿನ ಕುಂಟುತ್ತಿರುವ ಆರ್ಥಿಕತೆಯೂ ಇದೆ.

ನಾನು ಗಾರ್ಮೆಂಟ್ಸ್‌ಗೆ ಬೇಕಾದ ಗುಂಡಿ, ಝಿಪ್, ಲೇಸ್ ಕೊಳ್ಳುವವಳು. ಹೈಝು ಭಾಗದ ಝೊಂಗ್ಡಾ ಬಟ್ಟೆ ಮಾರುಕಟ್ಟೆಯಲ್ಲೇ ನನ್ನ ದಿನ ಕಳೆಯುತ್ತದೆ. ಅಲ್ಲಿ ಅಂಗಡಿಗಳ ಮೇಜಿನ ಮೇಲೆ ಎರಡು ಕ್ಯೂಆರ್ ಕೋಡ್ ಇರುತ್ತವೆ. ನೀಲಿ ಅಲಿಪೇದು, ಹಸಿರು ಅದರ ಎದುರಾಳಿ ವೀಚಾಟ್‌ದು. ಸ್ಯಾಂಪಲ್ ಗುಂಡಿ ಪೊಟ್ಟಣಕ್ಕೂ ಸ್ಕ್ಯಾನ್, ನೀರಿನ ಬಾಟಲಿಗೂ ಸ್ಕ್ಯಾನ್. ಮೆಟ್ರೋ ಗೇಟಿಗೂ ಇದೇ ಆ್ಯಪ್. ಟ್ಯಾಕ್ಸಿಗೆ ಬೇರೆ ಆ್ಯಪ್ ಬೇಡ, ಅಲಿಪೇ ಒಳಗೇ ಡಿಡಿ ಇದೆ. ಹೋಗುವ ಜಾಗವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಬಹುದು. ಚೀನೀ ಬಾರದ ನನಗೆ ಇದು ದೊಡ್ಡ ಆಸರೆ.

ಶುಲ್ಕದ ವಿಷಯ: ವಿದೇಶಿ ಕಾರ್ಡ್‌ನಲ್ಲಿ ಒಂದು ಸಲಕ್ಕೆ 200 ಯುವಾನ್‌ವರೆಗೆ ಅಲಿಪೇ ಏನೂ ಹಿಡಿಯುವುದಿಲ್ಲ. ಅದರಾಚೆ ಶೇ 3. ಚಿಲ್ಲರೆ ಖರ್ಚಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ವ್ಯಾಪಾರದ ಬಿಲ್ ಕಟ್ಟಲು ಹೋದರೆ ಮಾತ್ರ ಜಾಸ್ತಿ ಆಗುತ್ತದೆ. ಕಡಿಮೆ ಮಾಡಿದ ಒಂದು ಸ್ಟಾರ್ ಇದಕ್ಕೇ. ದೊಡ್ಡ ಆರ್ಡರಿಗೆ ಬ್ಯಾಂಕ್ ಮೂಲಕವೇ ಹಣ ಕಳಿಸಿ.

ಈಗ ಹಿಂದಿನ ಕಥೆಗೆ ಬರುತ್ತೇನೆ. ಅಲಿಪೇ ನಡೆಸುವ ಆಂಟ್ ಗ್ರೂಪ್ 2020ರ ನವೆಂಬರ್ 5ಕ್ಕೆ ಶಾಂಘೈ ಮತ್ತು ಹಾಂಗ್‌ಕಾಂಗ್ ಷೇರುಪೇಟೆಗೆ ಬರುವುದಿತ್ತು. ಸುಮಾರು 3,400 ಕೋಟಿ ಡಾಲರ್ ಎತ್ತುವ ಅಂದಾಜಿತ್ತು. ಎರಡು ದಿನ ಮುಂಚೆ ತಡೆ ಬಿತ್ತು. ಅಕ್ಟೋಬರ್ 24ರಂದು ಶಾಂಘೈಯಲ್ಲಿ ಆಂಟ್ ಕಟ್ಟಿದ ಜಾಕ್ ಮಾ ಸರ್ಕಾರಿ ನಿಯಂತ್ರಕರನ್ನು ಟೀಕಿಸಿ ಮಾಡಿದ ಭಾಷಣವೇ ಇದಕ್ಕೆ ಕಾರಣ ಎಂದು ತುಂಬಾ ಜನ ಹೇಳುತ್ತಾರೆ. ಆ ಭಾಷಣ ಕಿಡಿ ಹೊತ್ತಿಸಿರಬಹುದು. ಆದರೆ ಸಾಲದ ಲೆಕ್ಕ ನೋಡಿ. ಆಂಟ್ ಆ್ಯಪ್ ಮೂಲಕ ಹಂಚಿದ್ದ ಗ್ರಾಹಕ ಸಾಲ ಸುಮಾರು 1.7 ಲಕ್ಷ ಕೋಟಿ ಯುವಾನ್. ಅದರಲ್ಲಿ ಆಂಟ್‌ನ ಸ್ವಂತ ಲೆಕ್ಕಪುಸ್ತಕದಲ್ಲಿದ್ದದ್ದು ಶೇ 2ರಷ್ಟು ಮಾತ್ರ. ಉಳಿದ ಅಪಾಯವೆಲ್ಲ ಬ್ಯಾಂಕುಗಳು ಮತ್ತು ಹೂಡಿಕೆದಾರರ ತಲೆಯ ಮೇಲೆ. ಇಂಥ ಜಂಟಿ ಸಾಲದಲ್ಲಿ ಆನ್‌ಲೈನ್ ಸಾಲ ಕಂಪನಿ ಕನಿಷ್ಠ ಶೇ 30 ಸ್ವಂತ ಹಣ ಹಾಕಬೇಕು ಎಂಬ ಕರಡು ಅದೇ ವಾರ ಬಂತು. ಇದು ನ್ಯಾಯವಾದ ನಿಯಮ. ಸಾಲ ಮುಳುಗಿದಾಗ ಹಂಚಿದವರಿಗೂ ನೋವಾಗಬೇಕು, ಅಲ್ವಾ?

2021ರ ಏಪ್ರಿಲ್‌ನಲ್ಲಿ ಜಾಕ್ ಮಾ ಅವರೇ ಕಟ್ಟಿದ ಆನ್‌ಲೈನ್ ವ್ಯಾಪಾರ ಕಂಪನಿ ಅಲಿಬಾಬಾಗೆ 1,800 ಕೋಟಿ ಯುವಾನ್‌ಗೂ ಮೀರಿದ ದಂಡ ಬಿತ್ತು. ನಮ್ಮಲ್ಲಿ ಮಾರುವುದಾದರೆ ಬೇರೆ ಕಡೆ ಮಾರಬೇಡಿ ಎಂದು ವ್ಯಾಪಾರಿಗಳನ್ನು ಒತ್ತಾಯಿಸಿದ್ದು ತಪ್ಪು. ಅದೂ ಸರಿಯೇ. ಝೊಂಗ್ಡಾದಂಥ ಮಾರುಕಟ್ಟೆಯ ಸಣ್ಣ ಅಂಗಡಿಯವರಿಗೆ ಇದರಿಂದ ಉಸಿರು ಬಂತು. ಒಂದು ಕಂಪನಿಯ ಲಿಂಕನ್ನು ಇನ್ನೊಂದು ಕಂಪನಿ ತನ್ನ ಆ್ಯಪ್‌ನಲ್ಲಿ ತಡೆಯಬಾರದು ಎಂಬ ಆದೇಶವೂ ಅದೇ ವರ್ಷ ಬಂತು. ಅಲಿಬಾಬಾದ ಶಾಪಿಂಗ್ ಆ್ಯಪ್ ಟಾವೊಬಾವೊ ವೀಚಾಟ್ ಪಾವತಿಯನ್ನು ಒಪ್ಪಿಕೊಂಡಿದ್ದು ಮಾತ್ರ 2024ರಲ್ಲಿ.

ನನಗೆ ಬೇಸರ ಇರುವುದು ನಿಯಮ ಬಂದ ರೀತಿಯ ಬಗ್ಗೆ. ಡಿಡಿ 2021ರ ಜೂನ್ 30ರಂದು ನ್ಯೂಯಾರ್ಕ್ ಷೇರುಪೇಟೆಗೆ ಹೋಯಿತು. ಜುಲೈ 4ಕ್ಕೆ ಅದರ ಆ್ಯಪನ್ನು ಆ್ಯಪ್ ಸ್ಟೋರ್‌ಗಳಿಂದ ತೆಗೆಯಲು ಆದೇಶವಾಯಿತು. ಹೊಸ ಗ್ರಾಹಕರನ್ನು ಮತ್ತೆ ಸೇರಿಸಿಕೊಳ್ಳಲು ಅನುಮತಿ ಸಿಕ್ಕಿದ್ದು 2023ರ ಜನವರಿಯಲ್ಲಿ. 2021ರ ಅದೇ ಜುಲೈನಲ್ಲಿ, ಶಾಲಾ ಪಠ್ಯದ ಟ್ಯೂಷನ್‌ನಿಂದ ಲಾಭ ಮಾಡುವಂತಿಲ್ಲ ಎಂಬ ಆದೇಶ ಬಂತು.

ನನ್ನ ಜೊತೆ ಮಾರುಕಟ್ಟೆಗೆ ಬರುವ ದುಭಾಷಿ ಹುಡುಗಿ ಆಗ ಆನ್‌ಲೈನಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. "ಅಕ್ಕ, ಮಕ್ಕಳ ಮೇಲಿನ ಹೊರೆ ಇಳಿಸಬೇಕು ಅನ್ನೋದು ನಿಜ. ನನ್ನ ತಂಗಿ ಅಳ್ತಾ ಹೋಮ್‌ವರ್ಕ್ ಮಾಡೋದನ್ನ ನಾನೇ ನೋಡಿದ್ದೀನಿ. ಆದ್ರೆ ನಮಗೆ ಒಂದು ವರ್ಷನಾದ್ರೂ ಟೈಮ್ ಕೊಡಬಹುದಿತ್ತು" ಎಂದಳು. ಅವಳ ಜೊತೆಗಿದ್ದ ಟೀಚರ್‌ಗಳೆಲ್ಲ ಒಟ್ಟಿಗೆ ಕೆಲಸ ಹುಡುಕಲು ಬೀದಿಗೆ ಬಂದರಂತೆ. ಅವಳ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆರ್ಥಿಕತೆ ಕುಂಟಿದ್ದು ಟೆಕ್ ನಿಯಮಗಳಿಂದಲೇ ಎಂದರೆ ಅದು ಸುಳ್ಳು. ಕಟ್ಟಡ ಕಂಪನಿಗಳ ಸಾಲಕ್ಕೆ 2020ರಲ್ಲಿ ಕಡಿವಾಣ ಬಿತ್ತು, ಮುಂದಿನ ವರ್ಷ ಎವರ್‌ಗ್ರಾಂಡ್ ಎಂಬ ದೊಡ್ಡ ಕಟ್ಟಡ ಕಂಪನಿ ಸಾಲ ತೀರಿಸಲಾಗದೆ ಕೈಚೆಲ್ಲಿತು. 2022ರಲ್ಲಿ ಶಾಂಘೈ ತಿಂಗಳುಗಟ್ಟಲೆ ಲಾಕ್‌ಡೌನ್‌ನಲ್ಲಿತ್ತು. ಆ ವರ್ಷ ಶೇ 5.5ರಷ್ಟು ಬೆಳೆಯುವ ಗುರಿ ಇಟ್ಟಿದ್ದ ದೇಶ ಬೆಳೆದದ್ದು ಶೇ 3. ಆದರೆ ಓದಿದ ಮಕ್ಕಳಿಗೆ ಕೆಲಸ ಕೊಡುತ್ತಿದ್ದದ್ದು ಇದೇ ಟೆಕ್, ಟ್ಯೂಷನ್, ಗೇಮ್ ಕಂಪನಿಗಳು. ಮನೆ ಮಾರುಕಟ್ಟೆ ಬಿದ್ದ ಹೊತ್ತಿನಲ್ಲೇ ಇವರ ಕೈಯನ್ನೂ ಕಟ್ಟಿದರು. 2023ರ ಜೂನ್‌ನಲ್ಲಿ ನಗರಗಳ 16ರಿಂದ 24 ವಯಸ್ಸಿನವರ ನಿರುದ್ಯೋಗ ಶೇ 21.3ಕ್ಕೆ ಮುಟ್ಟಿತು. ಆಮೇಲೆ ಕೆಲವು ತಿಂಗಳು ಆ ಅಂಕಿಯನ್ನೇ ಪ್ರಕಟಿಸಲಿಲ್ಲ. ಅದು ನನಗೆ ಬಹಳ ಕೆಟ್ಟದೆನಿಸಿತು.

ಹೋದ ನಂಬಿಕೆ ಬೇಗ ಮರಳುವುದಿಲ್ಲ. 2023ರ ಜುಲೈನಲ್ಲಿ ಆಂಟ್‌ಗೆ 700 ಕೋಟಿ ಯುವಾನ್‌ಗೂ ಹೆಚ್ಚು ದಂಡ ಹಾಕಿ ಹಳೇ ತಕರಾರಿಗೆ ಕೊನೆ ಹಾಡಿದರು. ಅದೇ ತಿಂಗಳು ಪ್ರಧಾನಿ ಲಿ ಚಿಯಾಂಗ್ ಕಂಪನಿಗಳನ್ನು ಕರೆದು ಬೆಂಬಲದ ಮಾತಾಡಿದರು. ಡಿಸೆಂಬರ್‌ನಲ್ಲಿ ಆನ್‌ಲೈನ್ ಗೇಮ್ ಖರ್ಚಿಗೆ ಮಿತಿ ಹಾಕುವ ಒಂದು ಕರಡು ಬಂತು ನೋಡಿ, ವೀಚಾಟ್ ಮತ್ತು ಗೇಮ್‌ಗಳ ಕಂಪನಿ ಟೆನ್ಸೆಂಟ್‌ನ ಷೇರು ಒಂದೇ ದಿನದಲ್ಲಿ ಶೇ 12ರಷ್ಟು ಬಿತ್ತು. ಹೂಡಿಕೆದಾರರು ಅಷ್ಟು ಬೆದರಿದ್ದರು. ಮುಂದಿನ ತಿಂಗಳು ಆ ಕರಡನ್ನು ವೆಬ್‌ಸೈಟಿನಿಂದಲೇ ತೆಗೆದರು. 2025ರ ಫೆಬ್ರವರಿಯಲ್ಲಿ ಅಧ್ಯಕ್ಷ ಷಿ ಜಿನ್‌ಪಿಂಗ್ ಕರೆದ ಉದ್ಯಮಿಗಳ ಸಭೆಯಲ್ಲಿ ಜಾಕ್ ಮಾ ಕೂತಿದ್ದರು.

ಅಲಿಪೇಯಲ್ಲಿ ವಿದೇಶಿ ಕಾರ್ಡ್ ಸೇರಿಸುವುದು ಸುಲಭವಾದದ್ದೂ 2023ರಲ್ಲೇ. 2024ರಲ್ಲಿ ಒಂದು ಸಲದ ಮಿತಿಯನ್ನು 1,000 ಡಾಲರ್‌ನಿಂದ 5,000ಕ್ಕೆ ಏರಿಸಿದರು. ಹೊರಗಿನವರು ಬರಲಿ, ಖರ್ಚು ಮಾಡಲಿ ಎಂಬ ಅವಸರ ಅದರಲ್ಲಿ ನನಗೆ ಕಾಣುತ್ತದೆ. ಮೊದಲೇ ತಿಳಿಸಿ, ಎಲ್ಲರಿಗೂ ಒಂದೇ ಥರ ಅನ್ವಯಿಸಿ ಬರುವ ನಿಯಮಕ್ಕೆ ಕಂಪನಿಗಳೂ ಗ್ರಾಹಕರೂ ಹೊಂದಿಕೊಳ್ಳುತ್ತಾರೆ. ಈ ಕಾರ್ಡ್ ಮಿತಿ ಅಂಥದ್ದು, ಅದರಿಂದ ಅಂಗಡಿಯವರಿಗೆ ವ್ಯಾಪಾರ ಹೆಚ್ಚುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಪಾಸ್‌ಪೋರ್ಟ್ ದೃಢೀಕರಣವನ್ನು ಮನೆಯಲ್ಲೇ ಮುಗಿಸಿ. ಕಾರ್ಡ್‌ನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಆನ್ ಮಾಡಿಸಿ. ವೀಚಾಟ್‌ಗೂ ಒಂದು ಕಾರ್ಡ್ ಸೇರಿಸಿಡಿ. ಸ್ವಲ್ಪ ನೋಟೂ ಇರಲಿ, ನಗದು ಬೇಡ ಎನ್ನಲು ಅಲ್ಲಿನ ಅಂಗಡಿಗಳಿಗೆ ಕಾನೂನಿನಲ್ಲಿ ಅವಕಾಶವಿಲ್ಲ.